ಹೇನು ಹತ್ತಿದ ಹನ್ನೆರಡು ಕುಂಡ

ಡೇಲಿಲಿ ಗಿಡಗಳಿಗೆ ಹೇನು ಹತ್ತಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ, ಇಷ್ಟು ಹೊತ್ತು ಮುಚ್ಚಿಟ್ಟುಕೊಂಡು ಕೂತಿದ್ದಳು ಮುದುಕಿ ಅನ್ನುತ್ತೀರಿ.

ಗಿಡ ನನ್ನವಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಎಂಐಡಿಸಿ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ಒಳಗಲ್ಲಿಯಲ್ಲಿ ನಮ್ಮ ಬಿಲ್ಡಿಂಗು. ಮೊದಲನೆಯ ಮಾಳಿಗೆಯಲ್ಲಿ ನಾನು, ಮಗ, ಸೊಸೆ. ನಮ್ಮ ಕೆಳಗೆ, ಗ್ರೌಂಡ್ ಫ್ಲೋರಿನಲ್ಲಿ, ಉಡುಪಿ ಕಡೆಯ ಗಂಡ ಹೆಂಡತಿ. ಗಂಡನನ್ನು ಬಿಲ್ಡಿಂಗಿನವರೆಲ್ಲ ರಾಯರು ಅನ್ನುತ್ತೇವೆ. ಶಹಾಡ್ ಸ್ಟೇಷನ್ ಹತ್ತಿರ ಮೂವತ್ತು ವರ್ಷದ ಮೇಲೆ ಹೋಟೆಲು ನಡೆಸಿದವರು. ಈಗ ಅದನ್ನು ಅವರ ಮಗ ನೋಡಿಕೊಳ್ಳುತ್ತಾನೆ. ಹೆಂಡತಿ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಸಣ್ಣವಳು. ನನ್ನನ್ನು ಅಕ್ಕ ಅನ್ನುತ್ತಾಳೆ, ನಾನು ಅವಳನ್ನು ತಂಗಿ ಅನ್ನುತ್ತೇನೆ. ನಾನು ವಿಜಾಪುರದ ಕಡೆಯ ಹಳ್ಳಿಯವಳು, ಅವಳು ಸಮುದ್ರದ ಕಡೆಯವಳು. ನಾನು ಕಾರ ಹಾಕಿ ಪಲ್ಯ ಕೊಟ್ಟರೆ ಅವಳು ಬೆಲ್ಲ ಹಾಕಿ ಸಾರು ಕೊಡುತ್ತಾಳೆ. ಇಬ್ಬರೂ ಬಾಯಿ ಮುಚ್ಚಿಕೊಂಡು ತಿನ್ನುತ್ತೇವೆ.

ರಾಯರಿಗೆ ಲಕ್ವಾ ಹೊಡೆಯಿತು. ಕಾಲು ಒಂದು ತಿಂಗಳಲ್ಲಿ ಬಂತು, ಮಾತು ತೊದಲುತ್ತ ಬಂತು, ಬಲಗೈ ಮಾತ್ರ ಬರಲಿಲ್ಲ. ಮೊಣಕೈವರೆಗೆ ಏಳುತ್ತಿತ್ತು. ಅದರಿಂದ ಮುಂದೆ ಒದ್ದೆ ಟವೆಲಿನ ಹಾಗೆ ಜೋತುಬೀಳುತ್ತಿತ್ತು. ಎಷ್ಟು ದೋಸೆ ಹುಯ್ದ ಕೈಯೋ ಅದು. ಅವರಿಗೆ ದೊಡ್ಡ ಸಂಕಟವಾದದ್ದು ಊಟದ ವಿಷಯಕ್ಕೆ. ಎಡಗೈಯಲ್ಲಿ ಉಣ್ಣುವುದನ್ನು ಹೆಂಡತಿ ಕೂಡ ನೋಡಬಾರದು. ತಟ್ಟೆ ಇಟ್ಟು ಅವಳು ಅಡುಗೆಮನೆಗೆ ಹೋಗಬೇಕು, ಬಾಗಿಲು ಎಳೆದುಕೊಳ್ಳಬೇಕು. ಹಬ್ಬಕ್ಕೆ ಮಗ ಸೊಸೆ ಬಂದರೆ ಹಸಿವಿಲ್ಲ ಅಂದುಬಿಡುತ್ತಿದ್ದರು. ಊರಿಗೆಲ್ಲ ಉಣಿಸಿದ ಮನುಷ್ಯ ಕದ್ದು ಉಣ್ಣುತ್ತಿದ್ದರು.

ಕಲ್ಯಾಣದಿಂದ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ವಾರಕ್ಕೆ ಮೂರು ದಿನ ಬರುತ್ತಿದ್ದಳು. ಮರಾಠಿ ಹೆಣ್ಣುಮಗಳು, ನಗುಮುಖ. ರಬ್ಬರಿನ ಚೆಂಡು ಕೊಟ್ಟು ಹಿಸುಕಿ ಅನ್ನುವಳು. ರಾಯರು ಒಂದು ಸಲ ಹಿಸುಕಿ ಬಿಟ್ಟುಬಿಡುವರು. ಒಂದು ದಿನ ಆ ಚೆಂಡನ್ನು ಎಡಗೈಯಿಂದ ಎತ್ತಿ ಕಿಟಕಿಯ ಆಚೆ ಎಸೆದರು. ಅದು ಹೊರಗೆ ನಿಂತಿದ್ದ ನನ್ನ ಕಾಲಿನ ಹತ್ತಿರ ಬಂದು ಬಿತ್ತು. ತಂದು ಕೊಡಲು ಹೋದರೆ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ತಂಗಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು: ಇನ್ನು ಎರಡು ಮೂರು ತಿಂಗಳೇ, ಅಷ್ಟರೊಳಗೆ ಬೆರಳು ಎಷ್ಟು ಬರುತ್ತದೋ ಅಷ್ಟು, ಆಮೇಲೆ ಕಷ್ಟ. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಅವರ ಮಗ ನವಿ ಮುಂಬೈ ಕಡೆಯ ಒಂದು ನರ್ಸರಿಯಿಂದ ಹನ್ನೆರಡು ಕುಂಡ ತಂದು ಅಪ್ಪನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಎಲೆ ನೋಡಿದರೆ ಜೋಳದ ಎಳೆ ಪೈರಿನ ಹಾಗೆ. ಹೂವು ಹಳದಿ, ಕೆಲವು ಇಟ್ಟಂಗಿ ಬಣ್ಣ. ಹೆಸರು ಡೇಲಿಲಿ ಅಂತೆ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುಗಿಯಿತು. ದೇವರಿಗೂ ಬೇಡ, ತಲೆಗೂ ಬೇಡ. ಇದೆಂಥ ಹೂವು ಅಂತ ನಾನು ಅಂದೆ.

ಆದರೆ ಆ ಹೂವೇ ರಾಯರನ್ನು ಮಂಚದಿಂದ ಎಬ್ಬಿಸಿತು. ಪ್ರೀತಿಯಿಂದ ಅಂದುಕೊಳ್ಳಬೇಡಿ, ಸಿಟ್ಟಿನಿಂದ. ನಿನ್ನೆಯ ಹೂವು ಮಾರನೆಯ ದಿನ ಹಿಂಡಿದ ಅರಿವೆಯ ಹಾಗೆ ದಂಟಿಗೆ ಅಂಟಿಕೊಂಡು ಲೊಳೆಲೊಳೆಯಾಗಿ ಜೋತಾಡುತ್ತದೆ. ಪಕ್ಕದಲ್ಲೇ ಇವತ್ತಿನದು ಅರಳಿರುತ್ತದೆ. ರಾಯರಿಗೆ ಅದನ್ನು ನೋಡಿಕೊಂಡು ಮಲಗಲು ಆಗಲಿಲ್ಲ.

“ಎಂಜಲೆಲೆ,” ಅಂದರಂತೆ. “ಟೇಬಲ್ ಮೇಲೆ… ಎಂಜಲೆಲೆ ಬಿಟ್ಟ ಹಾಗೆ ಉಂಟು. ತೆಗಿ.”

“ನಾನು ದೋಸೆ ಹಾಕ್ತಾ ಇದ್ದೇನೆ. ಬೇಕಿದ್ರೆ ನೀವೇ ತೆಗೀರಿ,” ಅಂದಳಂತೆ ತಂಗಿ.

ಎದ್ದು ಹೋಗಿ ಕಿಟಕಿಯ ಕಬ್ಬಿಣದ ಜಾಲರಿಯ ಸಂದಿಯಿಂದ ಎಡಗೈ ಹಾಕಿ ಕಿತ್ತರು. ಪಕ್ಕದ ಮೊಗ್ಗೂ ಕಿತ್ತುಬಂತು. ಅದನ್ನು ತಂಗಿಯಿಂದ ಕೇಳಿದ ಡಾಕ್ಟರಮ್ಮ ಮಾರನೆಯ ಸಲ ಬಂದಾಗ ಅವರ ಎಡಗೈಯನ್ನು ಕುರ್ಚಿಯ ಹಿಂದೆ ಹಿಡಿದುಕೊಂಡು ನಿಂತಳು. “ಕಾಕಾ, ಆತಾ ಉಜವ್ಯಾ ಹಾತಾನೆ,” ಅಂದಳು. ಬಲಗೈಯಿಂದ ಮಾಡಿ ಅಂತ. ಮೊದಲ ದಿನ ಒಂದು ಬಾಡಿದ ಹೂವು ತೆಗೆಯಲು ಹತ್ತು ನಿಮಿಷ ಹಿಡಿಯಿತು. ಬೆರಳಿನ ಸಂದಿಗೆ ಸಿಕ್ಕಿಸಿ ಎಳೆದರು, ಹಿಡಿಯಲು ಬರಲಿಲ್ಲ. ಆದರೂ ತೆಗೆದರು. ಅಲ್ಲಿಂದ ದಿನಾ ಬೆಳಿಗ್ಗೆ ಹಲ್ಲುಜ್ಜಿ ಕಿಟಕಿಗೆ ಹೋಗುವುದು, ನಿನ್ನೆಯ ಎಂಜಲು ತೆಗೆಯುವುದು. ಐದು ಹೂವಿದ್ದರೆ ಐದು, ಎಂಟಿದ್ದರೆ ಎಂಟು. ಚೆಂಡು ಬೇಡ ಅಂದ ಮನುಷ್ಯ ಹೂವಿಗೆ ಒಂದು ಗಂಟೆ ನಿಲ್ಲುತ್ತಿದ್ದರು.

ಅಷ್ಟರಲ್ಲಿ ಯುಗಾದಿ ಬಂತು.

ನಮ್ಮ ಕಡೆ ಯುಗಾದಿಗೆ ಬೇವು ಮಾಡುತ್ತೇವೆ. ತಿನ್ನುವ ಬೇವು ಬೆಲ್ಲದ ಮುದ್ದೆ ಅಲ್ಲ, ಕುಡಿಯುವುದು. ಬೆಲ್ಲ ಹುಣಸೆ ಕರಗಿಸಿದ ನೀರು, ಅದಕ್ಕೆ ಪುಟಾಣಿ ಹಿಟ್ಟು ಅಂದರೆ ಹುರಿಗಡಲೆ ಹಿಟ್ಟು, ಮಾವಿನಕಾಯಿ, ಒಣದ್ರಾಕ್ಷಿ, ಮೇಲೆ ಬೇವಿನ ಹೂವು. ದೊಡ್ಡ ಪಾತೆಲಿ ತುಂಬ ಮಾಡಿ ಮನೆಮನೆಗೆ ಕೊಡುವುದು. ಬಿಲ್ಡಿಂಗಿನಲ್ಲಿ ನಮ್ಮ ಕಡೆಯವರ ಮನೆ ನಾಲ್ಕು ಇವೆ. ನಾಲ್ಕೂ ಮನೆಯವರು ನಾಲ್ಕು ಪಾತೆಲಿ ಮಾಡಿ ಒಬ್ಬರಿಗೊಬ್ಬರು ಕೊಟ್ಟುಕೊಂಡರೆ ಕುಡಿಯುವವರು ಯಾರು? ಹುಡುಗರು ಒಂದು ಗುಟುಕು ಕುಡಿದು ಮುಖ ಕಿವಿಚಿ ಓಡಿದರು. ಸಂಜೆಗೆ ಎಲ್ಲರ ಮನೆಯಲ್ಲೂ ಅರ್ಧ ಪಾತೆಲಿ ಉಳಿಯಿತು.

ದೇವರ ಮುಂದೆ ಇಟ್ಟದ್ದನ್ನು ಗಟಾರಕ್ಕೆ ಚೆಲ್ಲುವಂತಿಲ್ಲ, ತುಳಿಯುವಂತಿಲ್ಲ. ಗಿಡದ ಬುಡಕ್ಕೆ ಹಾಕಬೇಕು. ಊರಲ್ಲಾದರೆ ಹಿತ್ತಲಿನಲ್ಲಿ ಗಿಡಕ್ಕೇನು ಬರ. ಇಲ್ಲಿ ಸಿಮೆಂಟು ಬಿಟ್ಟರೆ ಏನಿದೆ? ಕಟ್ಟೆಯ ಮೇಲೆ ಹನ್ನೆರಡು ಕುಂಡ ಕಂಡವು. ನಾನೇ ಮೊದಲು ಸುರಿದೆ. ಮೇಲಿನವಳು ಪಾತೆಲಿ ಹಿಡಿದು ಅನುಮಾನಿಸುತ್ತ ನಿಂತಾಗ ಅವಳಿಗೂ ಹೇಳಿದೆ.

“ಇಲ್ಲೇ ಸುರಿಯವಾ. ಬೇವು ಐತಿ, ಹುಳಾ ಹತ್ತಂಗಿಲ್ಲ. ಗಿಡಕ್ಕ ಔಷಧ ಆಕ್ಕತಿ.”

ಹೀಗೆ ನಾಲ್ಕು ಮನೆಯ ಬೆಲ್ಲ, ನಾಲ್ಕು ಮನೆಯ ಪುಟಾಣಿ ಹಿಟ್ಟು ಆ ಕುಂಡಗಳಿಗೆ ಬಿತ್ತು. ಬೇವಿನ ಹೂವು ಒಂದು ಹಿಡಿ ಇದ್ದೀತು.

ಮೂರನೆಯ ದಿನ ಇರುವೆ ಸಾಲು ಹಚ್ಚಿದವು. ನಾನು ನೋಡಿದೆ, ಹೋಗುತ್ತವೆ ಬಿಡು ಅಂದುಕೊಂಡೆ. ಬೆಲ್ಲ ಮುಗಿದರೂ ಇರುವೆ ಹೋಗಲಿಲ್ಲ. ಮಣ್ಣಿನಿಂದ ದಂಟು ಹತ್ತಿ ಮೊಗ್ಗಿಗೆ ಹೋಗತೊಡಗಿದವು. ಹತ್ತು ದಿನಕ್ಕೆ ಮೊಗ್ಗಿನ ಮೇಲೆಲ್ಲ ತಿಳಿಹಸಿರು ಕಾಳು, ಎಳ್ಳಿಗಿಂತ ಸಣ್ಣವು, ಒತ್ತೊತ್ತಾಗಿ. ಎಲೆ ಹುಟ್ಟುವ ಬುಡದ ಸಂದಿಯಲ್ಲಿ ಇನ್ನೂ ಜಾಸ್ತಿ. ನಾನು ಓದಿದ್ದು ಎರಡನೆಯ ಇಯತ್ತೆ. ಆದರೆ ಹೇನು ಅಂದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಐದು ಮಂದಿ ತಂಗಿಯರ ತಲೆ ನೋಡಿ ಬೆಳೆದವಳು. ಇದು ಗಿಡದ ಹೇನು. ಹೊಲದಲ್ಲಿ ಕಂಡಿದ್ದೆ. ಕೂತಲ್ಲೇ ರಸ ಹೀರುತ್ತದೆ, ಹಿಂದಿನಿಂದ ಅಂಟು ನೀರು ಬಿಡುತ್ತದೆ. ಆ ಅಂಟು ಇರುವೆಗೆ ಸಿಹಿ. ಇರುವೆ ಮೀಸೆಯಿಂದ ತಟ್ಟಿ ತಟ್ಟಿ ಹೇನನ್ನು ಹಿಂಡಿಕೊಳ್ಳುತ್ತದೆ, ನಾವು ಎಮ್ಮೆ ಹಿಂಡಿಕೊಂಡ ಹಾಗೆ. ಎಮ್ಮೆಗೆ ನಾವು ಕಾವಲು, ಹೇನಿಗೆ ಇರುವೆ ಕಾವಲು.

ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಗುಟ್ಟಾಗಿ ಸರಿ ಮಾಡಿಬಿಡೋಣ ಅಂತ ಇನ್ನೊಂದು ತಪ್ಪು ಮಾಡಿದೆ. ಊರಲ್ಲಿ ಹೇನಿಗೆ ಬೂದಿ ಎರಚುತ್ತಿದ್ದೆವು. ಇಲ್ಲಿ ಗ್ಯಾಸ್ ಒಲೆ, ಬೂದಿ ಎಲ್ಲಿಂದ ತರಲಿ? ಗಲ್ಲಿಯ ಮೂಲೆಯ ಇಸ್ತ್ರಿಯವನ ಹತ್ತಿರ ಇದ್ದಿಲ ಬೂದಿ ಒಂದು ಚೀಲ ತಂದೆ. ಮಧ್ಯಾಹ್ನ ರಾಯರು ಮಲಗಿದ್ದಾಗ ಹನ್ನೆರಡೂ ಕುಂಡಕ್ಕೆ ಎರಚಿದೆ. ಮುಂದಿನ ರಸ್ತೆಯನ್ನು ಆಗಷ್ಟೇ ಅಗೆದು ಹಾಕಿದ್ದರು, ಅದರ ಧೂಳು ಬೇರೆ. ಅಂಟಿನ ಮೇಲೆ ಬೂದಿ, ಬೂದಿಯ ಮೇಲೆ ಧೂಳು, ಎಲೆಯೆಲ್ಲ ಗಾರೆ ಬಳಿದ ಹಾಗಾಯಿತು. ಬಿಸಿಲು ಏರಿತು. ಹೇನು ಸಾಯಲಿಲ್ಲ. ಎಲೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕೆ ಬಂದವು, ಆಮೇಲೆ ಹಳದಿ. ಎಲೆಯ ಅಡಿಯಲ್ಲಿ ತೆಳ್ಳನೆ ಬಲೆ.

ಮೊಗ್ಗು ಸೊಟ್ಟಗಾಗಿ ಅರಳದೆ ಉದುರತೊಡಗಿದವು. ಎಂಟು ಹೂವು ಹೋಗಿ ಮೂರಾಯಿತು, ಒಂದಾಯಿತು. ಒಂದು ದಿನ ಒಂದೂ ಇಲ್ಲ. ಅವತ್ತು ರಾಯರು ಕಿಟಕಿಯ ತನಕ ಹೋಗಿ, ನೋಡಿ, ತಿರುಗಿ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಮಾರನೆಯ ದಿನ ಏಳಲೇ ಇಲ್ಲ. ಡಾಕ್ಟರಮ್ಮ ಬಂದು ಕರೆದರೆ ಕಣ್ಣು ಮುಚ್ಚಿಕೊಂಡರು. ಮೂರು ದಿನ ಹೀಗೇ.

ನಾಲ್ಕನೆಯ ದಿನ ಅವರ ಮಗ ಒಂದು ಬಾಟಲಿ ಹಿಡಿದುಕೊಂಡು ಬಂದ. ನಾನು ಮೆಟ್ಟಿಲ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದೆ.

“ಏನೋ ಅದು?”

“ಅಜ್ಜಿ, ದವಾ. ಅಂಗಡಿಯವ್ನು ಕೊಟ್ಟ. ಏಕ್ ಬಾರ್ ಹೊಡೆದ್ರೆ ಸಬ್ ಖಲಾಸ್.”

“ಇಲ್ಲಿ ತಾ, ನೋಡೂಣು.”

“ನಿಮಗೆ ಇಂಗ್ಲಿಷ್ ಬರ್ತದಾ?”

“ಬರಂಗಿಲ್ಲ. ಬಣ್ಣ ಬರತೈತಿ.”

ಬಾಟಲಿಯ ಮೇಲೆ ಓರೆಗೆ ನಿಂತ ಚೌಕ ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಇದರಲ್ಲಿ ಕೆಂಪು. ಹರೆಯದಲ್ಲಿ ಮೆಣಸಿನ ಹೊಲದಲ್ಲಿ ಕೂಲಿಗೆ ಹೋದವಳು ನಾನು. ಹಸಿರು, ನೀಲಿ, ಹಳದಿ, ಕೆಂಪು, ಯಾವುದು ಎಷ್ಟು ವಿಷ ಅಂತ ಓದು ಬಾರದವರಿಗೇ ಹಾಕಿದ ಗುರುತು ಅದು.

“ಕೆಂಪಂದ್ರ ಭಾಳ ಕೆಟ್ಟದ್ದು. ನಿಮ್ಮಪ್ಪನ ತಲೆದಿಂಬು ಎಲ್ಲೈತಿ? ಕಿಟಕಿ ಎಲ್ಲೈತಿ? ಹೇನಿಗಿಂತ ಮೊದಲು ಯಾರು ಖಲಾಸ್ ಆಗ್ಬೇಕು?”

ಅವನು ಬಾಟಲಿ ನೋಡಿದ, ಕಿಟಕಿ ನೋಡಿದ. “ಫಿರ್ ಕ್ಯಾ ಕರೂ, ಅಜ್ಜಿ?” ಅಂದ. ಮತ್ತೇನು ಮಾಡಲಿ ಅಂತ. ಅವನ ದನಿ ಕೇಳಿ ನನಗೆ ಮೆಂತ್ಯ ಸೋಸಲು ಆಗಲಿಲ್ಲ. ಬಾಟಲಿ ಅಂಗಡಿಗೆ ವಾಪಸು ಕಳಿಸಿ, ಎರಡು ಎಲೆ ಕತ್ತರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಹೋದೆ.

ಟಿಟ್ವಾಳಾದಿಂದ ಬೆಳಗಿನ ಲೋಕಲ್ಲಿನಲ್ಲಿ ಸಸಿ ತಂದು ಸ್ಟೇಷನ್ ರಸ್ತೆಯಲ್ಲಿ ಮಾರುವ ಹೆಂಗಸೊಬ್ಬಳಿದ್ದಾಳೆ. ನನ್ನ ಹಾಗೇ ಬಾಯಿ ಜೋರು. ಎಲೆ ಕೊಟ್ಟೆ. ಅವಳು ಒಂದು ಬಿಳಿ ಕಾಗದದ ಮೇಲೆ ಎಲೆಯನ್ನು ಬೋರಲು ಹಿಡಿದು ಬೆರಳಿಂದ ತಟ್ಟಿದಳು. ಮೆಣಸಿನ ಪುಡಿ ಉದುರಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಆ ಪುಡಿ ನಡೆಯತೊಡಗಿತು.

“ಲಾಲ್ ಕೋಳೀ,” ಅಂದಳು. ಕೆಂಪು ನುಸಿ. ಜೇಡದ ಜಾತಿಯದು, ಎಂಟು ಕಾಲಿನದು. ಬೂದಿ ಹಾಕಿದೆಯಾ ಅಂತ ಕೇಳಿದಳು. ಹಾಕಿದೆ ಅಂದೆ. ಹಣೆ ಚಚ್ಚಿಕೊಂಡಳು. ಧೂಳು, ಸೆಕೆ, ಒಣಗಾಳಿ, ಇವು ಮೂರಿದ್ದರೆ ನುಸಿಗೆ ಮದುವೆ ಮನೆಯಂತೆ. ಹೇನಿನ ವಿಷ ಹೊಡೆದಿದ್ದರೆ ಇನ್ನೂ ಕೆಡುತ್ತಿತ್ತಂತೆ. ನುಸಿಯನ್ನು ತಿನ್ನುವ ಹುಳುಗಳೂ ಸತ್ತು ನುಸಿ ಒಂದಕ್ಕೆ ನೂರಾಗುತ್ತದಂತೆ.

“ಆಜಿ, ಪಾಣೀ ಮಾರ್. ಖಾಲೂನ್. ಜೋರಾತ್.” ನೀರು ಹೊಡಿ, ಕೆಳಗಿನಿಂದ ಹೊಡಿ, ಜೋರಾಗಿ ಹೊಡಿ. ದಿನ ಬಿಟ್ಟು ದಿನ, ಮೂರು ವಾರ. ತತ್ತಿ ಒಡೆದು ಮತ್ತೆ ಮತ್ತೆ ಹೊರಗೆ ಬರುತ್ತವೆ, ಅದಕ್ಕೇ ಒಂದು ಸಲ ತೊಳೆದು ಕೂರಬಾರದು. ಪೂರಾ ಹಳದಿಯಾದ ಎಲೆ ಕತ್ತರಿಸಿ ಕಟ್ಟಿ ಕಸಕ್ಕೆ ಹಾಕು, ಗಿಡದ ಬುಡದಲ್ಲೇ ಬಿಡಬೇಡ. ಮೊಗ್ಗಿನ ಹೇನು ಕೈಯಲ್ಲೇ ಒರೆಸು. ಆದರೆ ಮೊದಲು ಇರುವೆಯ ದಾರಿ ಕಟ್ಟು, ಇಲ್ಲದಿದ್ದರೆ ನೀನು ತೊಳೆದಷ್ಟೂ ಅವು ಹೊತ್ತು ತರುತ್ತವೆ. ಇಷ್ಟು ಹೇಳಿ, ಒಂದು ಪುದೀನಾ ಸಸಿ ಕೊಂಡೇ ಹೋಗಬೇಕು ಅಂತ ಕೂತಳು. ಕೊಂಡೆ.

ಬಂದವಳೇ ತಂಗಿಯ ಅಡುಗೆಮನೆಗೆ ಹೋಗಿ ಹೇಳಿಬಿಟ್ಟೆ. “ತಂಗಿ, ಆ ಗಿಡ ಕೆಡಿಸಿದಾಕಿ ನಾನ. ಯುಗಾದಿ ಬೇವು ಸುರಿದೆ. ಉಳದ ಮೂರು ಮನ್ಯಾವ್ರಿಗೂ ನಾನ ಹೇಳಿ ಸುರಿಸಿದೆ. ಆಮ್ಯಾಲ ಬೂದಿ ಹಾಕಿ ನುಸಿ ತರಿಸಿದೆ.”

ಅವಳು ಸೌಟು ಹಿಡಿದು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂತ ನಾನು ತಯಾರಾಗಿ ನಿಂತಿದ್ದೆ.

“ಅಯ್ಯೋ ಅಕ್ಕ, ನೀವೊಬ್ರೇ ಅಲ್ಲ ಮಾರಾಯ್ತಿ,” ಅಂದಳು ಮೆಲ್ಲಗೆ. “ಅವತ್ತು ಇವ್ರು ಪಾಯಸ ಮುಟ್ಲೇ ಇಲ್ಲ. ಮಗ ಸೊಸೆ ಎದುರು ಎಡಗೈಯಲ್ಲಿ ಹೇಗೆ ಕುಡಿಯುದು ಅಂತ. ನೈವೇದ್ಯದ್ದು, ಬಿಸಾಡ್ಲಿಕ್ಕೆ ಉಂಟಾ? ನಾನೂ ಅಲ್ಲೇ ಹೊಯ್ದೆ. ಎರಡು ಲೋಟ. ಬೆಲ್ಲ, ತೆಂಗಿನಹಾಲು, ಎಲ್ಲ.”

“ಹೇಳ್ಬೇಕಿಲ್ಲೋ?”

“ನೀವು ಹೇಳಿದ್ರಾ?”

ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವಳು ಅತ್ತಳು. ನಾನು ಅಳುವವಳಲ್ಲ. ಸ್ಟವ್ ಸಣ್ಣ ಮಾಡಿದೆ, ಹುಳಿ ಹೊತ್ತುತ್ತಿತ್ತು.

ಆಮೇಲೆ ರಾಯರ ಕೋಣೆಗೆ ಹೋದೆ. ಗೋಡೆಗೆ ಮುಖ ಮಾಡಿ ಮಲಗಿದ್ದರು. ಬೆನ್ನಿಗೇ ಹೇಳಿದೆ.

“ರಾಯರ, ನಿಮ್ಮ ಗಿಡಕ್ಕ ಇರಿವಿ ಕರಸಿದಾಕಿ ನಾನ. ಬೆಲ್ಲ ಸುರಿದು ಕರಸೀನಿ. ಬೈಯೂದಿದ್ರ ಈ ಕಡೆ ತಿರುಗಿ ಬೈರಿ. ಗ್ವಾಡಿಗೆ ಬೈದ್ರ ನನಗ ಕೇಳ್ಸಂಗಿಲ್ಲ.”

ಹೋಗೋಣ ಅಂತ ಬಾಗಿಲ ಕಡೆ ಹೊರಟೆ. ಆಗ ಗೋಡೆಯ ಕಡೆಯಿಂದಲೇ ಮಾತು ಬಂತು.

“ಸಕ್ಕರೆ ಡಬ್ಬ.”

“ಏನ್ರಿ?”

ತಿರುಗಿದರು. ಗಡ್ಡ ಬೆಳೆದಿತ್ತು. “ಹೋಟೆಲ್ನಲ್ಲಿ… ಸಕ್ಕರೆ ಡಬ್ಬ. ಇರುವೆ ಬರ್ತದೆ. ತಟ್ಟೆ. ತಟ್ಟೆಯಲ್ಲಿ ನೀರು. ನಡುವೆ ಡಬ್ಬ.” ಉಸಿರು ತೆಗೆದುಕೊಂಡರು. “ಮೂವತ್ತು ವರ್ಷ. ಒಂದು ಇರುವೆ ಬರ್ಲಿಲ್ಲ.”

ನಾನು ಸ್ಟೇಷನ್ ತನಕ ಹೋಗಿ ಬಂದಿದ್ದೆ. ಇರುವೆಯ ದಾರಿ ಹೇಗೆ ಕಟ್ಟಬೇಕು ಅಂತ ಬಲ್ಲ ಮನುಷ್ಯ ಇಲ್ಲೇ ಮಲಗಿದ್ದರು.

ಸಂಜೆಗೆ ಮಗ ಹೋಟೆಲಿನಿಂದ ಹನ್ನೆರಡು ಹಳೆಯ ಸ್ಟೀಲಿನ ತಟ್ಟೆ ತಂದ. ತಟ್ಟೆಯಲ್ಲಿ ಅರ್ಧ ಇಟ್ಟಂಗಿ, ಅದರ ಮೇಲೆ ಕುಂಡ, ಸುತ್ತ ನೀರು. ಇಟ್ಟಂಗಿ ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಆ ನೀರಿನಲ್ಲಿ ಸೊಳ್ಳೆ ಆಗಬಾರದು ಅಂತ ನಾನು ದಿನಾ ಚೆಲ್ಲಿ ಬದಲಿಸುತ್ತಿದ್ದೆ. ರಾಯರು ಕಿಟಕಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಯಾವ ಎಲೆ ಗೋಡೆಗೆ ತಾಗಿದೆ, ಇರುವೆಗೆ ಸೇತುವೆಯಾಗಿದೆ ಅಂತ ಬೊಟ್ಟು ಮಾಡುವರು. ಹಿಂದೆ ಮಾಣಿಗಳಿಗೆ ಟೇಬಲ್ ತೋರಿಸುತ್ತಿದ್ದ ಬೊಟ್ಟು. ಎಡಗೈಯದು, ಇರಲಿ.

ನೀರು ಹೊಡೆಯುವುದು ಕಷ್ಟವಾಯಿತು. ಚೊಂಬಿನಿಂದ ಹೊಯ್ದರೆ ಎಲೆಯ ಮೇಲೆ ಬೀಳುತ್ತದೆ, ಅಡಿಗೆ ಬೀಳುವುದಿಲ್ಲ. ನಾನು ಯೋಚಿಸಿ ಹೇಳಿದೆ, “ಸಂಡಾಸಿನ್ಯಾಗ ಇರತೈತಲ್ಲ, ಆ ಜೆಟ್ಟು. ಒತ್ತಿದ್ರ ಸುಂಯ್ ಅಂತ ಹೊಡೀತೈತಿ. ಅದು ಬೇಕು.”

“ಛೀ ಛೀ! ಎಂತ ಅಕ್ಕ ನೀವು! ಅದರಲ್ಲಿ ಹೂವಿನ ಗಿಡಕ್ಕಾ?”

“ಹೊಸಾದು ತರೂಣಲ್ಲ. ಅಂಗಡ್ಯಾಗಿಂದು ಯಾರ ಸಂಡಾಸಿಗೂ ಹೋಗಿರಂಗಿಲ್ಲ.”

“ಹೊಸತಾದ್ರೂ ಅದು ಅದೇ ಅಲ್ವಾ!”

ಒಳಗಿನಿಂದ ರಾಯರು ನಕ್ಕರು. ಲಕ್ವಾ ಹೊಡೆದ ಮೇಲೆ ಅವರ ನಗು ನಾನು ಕೇಳಿದ್ದು ಅವತ್ತೇ, ಅರ್ಧ ಬಾಯಿಯ ನಗು. ಹೊಸ ಜೆಟ್ಟು ಬಂತು, ಅಡುಗೆಮನೆಯ ಹಿಂದಿನ ನಲ್ಲಿಗೆ ಉದ್ದ ಪೈಪು ಹಾಕಿ ಕೂರಿಸಿದರು. ಬೆಳಿಗ್ಗೆ ನೀರು ಬಿಡುವ ಒಂದೂವರೆ ಗಂಟೆಯಲ್ಲಿ ಎಲ್ಲರ ಮನೆಯ ಡ್ರಮ್ಮು ತುಂಬಬೇಕು. ಅದರಲ್ಲಿ ಹತ್ತು ನಿಮಿಷ ಗಿಡಕ್ಕೆ ಅಂದರೆ ಮೇಲಿನವರು ಸುಮ್ಮನಿರುತ್ತಾರೆಯೇ? ನಾನು ಆ ಮೂರು ಮನೆಗೂ ಹೋಗಿ, “ಬೇವು ಸುರಿದೀರಿ, ಈಗ ತೊಳೀಲಿಕ್ಕೆ ಬಿಡ್ರಿ” ಅಂದೆ. ಬಿಟ್ಟರು. ಒಂದು ಕೈಯಲ್ಲಿ ಎಲೆಯ ಹಿಡಿ ಬಾಗಿಸಿ ಇನ್ನೊಂದು ಕೈಯಲ್ಲಿ ಕೆಳಗಿನಿಂದ ಹೊಡೆಯುತ್ತಿದ್ದೆ. ಬೂದಿ, ಧೂಳು, ಬಲೆ, ನುಸಿ ಎಲ್ಲ ಕರಿನೀರಾಗಿ ಇಳಿಯುತ್ತಿತ್ತು. ನನ್ನ ಸೀರೆಯೂ ತೊಯ್ಯುತ್ತಿತ್ತು. ಐದು ಕುಂಡ ಉಳಿಯಲಿಲ್ಲ. ಬುಡವೇ ಮೆತ್ತಗಾಗಿತ್ತು. ಅವನ್ನು ಕಿತ್ತು ಕಟ್ಟಿ ಕಸದ ಗಾಡಿಗೆ ಹಾಕಿದೆ, ರಾಯರಿಗೆ ಕಾಣದ ಹಾಗೆ ಹಾಕಲಿಲ್ಲ. ಅವರು ನೋಡಿದರು. ಏಳು ಉಳೀತು ಅಂದರು.

ಆ ಏಳರಲ್ಲಿ ಎರಡನೆಯ ವಾರ ಹೊಸ ದಂಟು ಎದ್ದವು. ದಂಟಿನ ಹಿಂದೆಯೇ ಹೇನು. ಹಳೆಯವು ಎಲೆಯ ಸಂದಿಯಲ್ಲಿ ಉಳಿದುಕೊಂಡಿದ್ದವು. ಎಳೆಯ ಮೊಗ್ಗಿಗೆ ಜೋರು ನೀರು ಹೊಡೆದರೆ ಮುರಿದೇ ಹೋಗುತ್ತದೆ. ಕೈಯಲ್ಲೇ ಒರೆಸಬೇಕು, ಹೆಬ್ಬೆರಳು ತೋರುಬೆರಳ ನಡುವೆ ಮೊಗ್ಗು ಹಿಡಿದು ಬುಡದಿಂದ ತುದಿಗೆ ಎಳೆಯಬೇಕು. ಗಟ್ಟಿ ಹಿಡಿದರೆ ಮೊಗ್ಗು ಹೋಗುತ್ತದೆ, ಸಡಿಲ ಹಿಡಿದರೆ ಹೇನು ಉಳಿಯುತ್ತದೆ. ನಾನು ಹೊರಗೆ ನಿಂತು ಒರೆಸುತ್ತಿದ್ದೆ. ಕಣ್ಣು ಮಂಜು, ಅರ್ಧ ಹೇನು ಕಾಣುವುದಿಲ್ಲ.

“ಅಲ್ಲಿ ಬಿಟ್ರಿ,” ಅಂದರು ಒಳಗಿನಿಂದ.

“ಎಲ್ರಿ?”

“ಅಲ್ಲಿ. ಹಿಂದೆ. ಮತ್ತೂ ಬಿಟ್ರಿ. ಎಂತ ಕ್ಲೀನ್ ಮಾಡುದು ನೀವು?”

“ನನಗ ಕಾಣಂಗಿಲ್ಲ. ಕಾಣೂ ಮಂದಿ ಕುರ್ಚಿ ಮ್ಯಾಲ ಕುಂತೈತಿ,” ಅಂದೆ. ಅಂದು, ಕುಂಡವನ್ನು ಜಾಲರಿಯ ಹತ್ತಿರ ಸರಿಸಿಟ್ಟು ನಾನು ತಟ್ಟೆಯ ನೀರು ಬದಲಿಸಲು ಬಗ್ಗಿದೆ.

ಬಾಡಿದ ಹೂವನ್ನು ಬೆರಳ ಸಂದಿಗೆ ಸಿಕ್ಕಿಸಿ ಎಳೆಯಬಹುದು. ಹೇನಿಗೆ ಅದು ನಡೆಯುವುದಿಲ್ಲ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಜಾಲರಿಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳು ಬಂತು, ಮೊಗ್ಗಿಗೆ ತಾಗಿತು, ಜಾರಿತು. ಮತ್ತೆ ಬಂತು. ನಾನು ತಲೆ ಎತ್ತಲಿಲ್ಲ. ನೋಡಿದರೆ ನಿಲ್ಲಿಸುತ್ತಾರೆ ಅಂತ ಗೊತ್ತಿತ್ತು, ಅನ್ನ ಉಣ್ಣುವಾಗಲೂ ಅವರು ಹಾಗೇ. ಹನ್ನೆರಡು ತಟ್ಟೆಯಲ್ಲಿ ಏಳಕ್ಕೆ ಮಾತ್ರ ಈಗ ಕೆಲಸ, ಆದರೂ ಹನ್ನೆರಡನ್ನೂ ತೊಳೆದೆ. ಎದ್ದು ನಿಂತಾಗ ಒಂದು ಮೊಗ್ಗು ಅರ್ಧ ಚೊಕ್ಕಟವಾಗಿತ್ತು. ಅವರ ತೋರುಬೆರಳ ತುದಿ ಹಸಿರು.

ಮಾರನೆಯ ದಿನ ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಇದನ್ನು ನೋಡಿದಳು. ಒಳಗೆ ಬಂದು ಅವರ ಹೆಬ್ಬೆರಳು ತೋರುಬೆರಳನ್ನು ಹಿಡಿದು ಒತ್ತಿ ನೋಡಿದಳು, ಬಿಟ್ಟಳು, ಮತ್ತೆ ಒತ್ತಿದಳು. “ಕಾಕಾ, ಹೇ ಕೋಣೀ ಶಿಕವ್ಲಂ?” ಅಂದಳು. ಯಾರು ಕಲಿಸಿದರು ಅಂತ.

ರಾಯರು ನನ್ನ ಕಡೆ ಬೊಟ್ಟು ಮಾಡಲಿಲ್ಲ. ಮೊಗ್ಗಿನ ಮೇಲಿನ ಹೇನಿನ ಕಡೆ ಮಾಡಿದರು.

ಅಲ್ಲಿಂದ ಮುಂದೆ ಚೆಂಡಿನ ಮಾತೇ ಇಲ್ಲ. ಅವಳು ಬಂದಾಗೆಲ್ಲ ಒಂದು ಕುಂಡ ಒಳಗೆ ಎತ್ತಿಟ್ಟು, ಎಷ್ಟು ಸತ್ತವು ಕಾಕಾ ಅನ್ನುವಳು. ಒಮ್ಮೊಮ್ಮೆ ಮೊಗ್ಗೇ ಮುರಿಯುತ್ತಿತ್ತು. ರಾಯರು ಸಿಟ್ಟಾಗುತ್ತಿದ್ದರು, ಕುಂಡದ ಮೇಲಲ್ಲ, ಕೈಯ ಮೇಲೆ. ಮತ್ತೆ ಶುರು ಮಾಡುತ್ತಿದ್ದರು. ಹೇನು ಕಡಿಮೆಯಾದಂತೆ ಹುಡುಕಿ ಹುಡುಕಿ ಹಿಡಿಯಬೇಕಾಯಿತು. ಒಂದು ದಿನ ಒಂದು ಎಲೆಯ ಮೇಲೆ ಕೆಂಪಗೆ ಕರಿಚುಕ್ಕೆಯ ಗುಲಗಂಜಿ ಹುಳು ಬಂದು ಕೂತಿತ್ತು. ಅದು ಹೇನು ತಿನ್ನುತ್ತದೆ, ಬಿಡಿ ಅಂದೆ. ನನ್ನ ಗಿರಾಕಿಯನ್ನು ತಿಂತದೆ ಅಂತ ಗೊಣಗಿದರು. ಆದರೆ ಬಿಟ್ಟರು.

ಎಲ್ಲ ಸರಿಯಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಳೆ ಹಿಡಿಯುವ ಮೊದಲು ಏಳು ಕುಂಡದಲ್ಲಿ ಒಟ್ಟು ಹದಿನಾರೋ ಹದಿನೇಳೋ ಹೂವಾದವು, ಅಷ್ಟೇ. ರಾಯರ ಕೈಯಲ್ಲಿ ಎರಡು ಬೆರಳು ಬಂದವು. ಉಳಿದ ಮೂರು ಬರಲಿಲ್ಲ, ಇನ್ನು ಬರುವುದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದಳು. ಅನ್ನ ಕಲಸಲು ಐದೂ ಬೇಕು. ದೋಸೆ ಮುರಿಯಲು ಎರಡು ಸಾಕು.

ಅವತ್ತು ಬೆಳಿಗ್ಗೆ ನಾನು ಪೈಪು ಸುತ್ತಿಟ್ಟು ಒಳಗೆ ಹೋಗಿ ಕೂತಿದ್ದೆ. ತಂಗಿ ನನ್ನ ಮುಂದೆ ಒಂದು ತಟ್ಟೆ ಇಟ್ಟಳು, ರಾಯರ ಮುಂದೆ ಒಂದು ಇಟ್ಟು ಎಂದಿನ ಹಾಗೆ ಅಡುಗೆಮನೆಯ ಕಡೆ ತಿರುಗಿದಳು. ನಾನೂ ಏಳಬೇಕು ಅಂತ ಮಂಡಿಗೆ ಕೈ ಊರಿದೆ. ರಾಯರು ಬಲಗೈ ಎತ್ತಿ ದೋಸೆಯ ಅಂಚು ಹಿಡಿದರು.

“ಅಯ್ಯೋ, ನಿಲ್ಲಿ ನಿಲ್ಲಿ!” ಅಂತ ಕಿರುಚಿದಳು ತಂಗಿ. “ಆ ಕೈಯಲ್ಲಾ? ಈಗಷ್ಟೇ ಹೇನು ಹಿಸುಕಿದ ಕೈ! ತೊಳೀದೆ ತಿಂತೀರಾ?”

ಎಂಟು ತಿಂಗಳಿಂದ ಆ ಗಳಿಗೆಗೆ ಕಾದಿದ್ದವಳು ಹೀಗೆ ಬೈದಳು. ರಾಯರು ತಮ್ಮ ಹಸಿರು ಬೆರಳು ನೋಡಿಕೊಂಡರು, ಎದ್ದರು, ಕಾಲೆಳೆಯುತ್ತ ಮೂಲೆಯ ಬೇಸಿನ್ನಿಗೆ ಹೋದರು. ತಂಗಿ ನಲ್ಲಿ ತಿರುಗಿಸಲು ಹೆಜ್ಜೆ ಇಟ್ಟಳು. ನಾನು ಅವಳ ಸೆರಗು ಹಿಡಿದು ಎಳೆದೆ.

ಎರಡು ಬೆರಳಲ್ಲಿ ನಲ್ಲಿ ತಿರುಗಿಸಿದರು. ತೊಳೆದುಕೊಂಡರು. ಮುಚ್ಚಿದರು, ಪೂರ್ತಿ ಮುಚ್ಚಲು ಆಗಲಿಲ್ಲ. ಬಂದು ಕೂತು ದೋಸೆ ಮುರಿದು, ಚಟ್ನಿಗೆ ಅದ್ದಿ, ನಮ್ಮಿಬ್ಬರ ಎದುರಿಗೇ ಬಾಯಿಗಿಟ್ಟುಕೊಂಡರು. ಒಂದು ತುಣುಕು ಮಡಿಲಿಗೆ ಬಿತ್ತು. ಎತ್ತಿ ತಿಂದರು. “ಉಪ್ಪು ಕಮ್ಮಿ,” ಅಂದರು.

“ಕಮ್ಮಿ ಆದ್ರೆ ಹಾಕಿಕೊಳ್ಳಿ, ಅಲ್ಲೇ ಉಂಟು,” ಅಂದಳು ತಂಗಿ.

ಬೇಸಿನ್ನಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ನಮ್ಮ ಬಿಲ್ಡಿಂಗಿನಲ್ಲಿ ನೀರು ಸೋರುವುದನ್ನು ಕೇಳಿಕೊಂಡು ಸುಮ್ಮನೆ ಕೂತ ಹೆಂಗಸರನ್ನು ಯಾರೂ ಕಂಡಿರಲಿಕ್ಕಿಲ್ಲ. ನಾವಿಬ್ಬರೂ ಕೂತೆವು. ದೋಸೆ ಮುಗಿಸಿ ಕೈ ತೊಳೆಯಲು ಹೋದವರು ಅವರೇ ಈ ಸಲ ನಲ್ಲಿ ಗಟ್ಟಿಯಾಗಿ ತಿರುಗಿಸಿ ಬಂದರು.